ಪಾರ್ಕರ್ ಫ್ಲೈ: ಒಂದೇ ಗಿಟಾರ್, ಎರಡು ದನಿ, ಒಂದು ಪ್ರಕರಣ

1993ರಲ್ಲಿ ಅಮೆರಿಕದ ಮಾರುಕಟ್ಟೆಗೆ ಒಂದು ವಿಚಿತ್ರ ಗಿಟಾರ್ ಬಂತು. ಹೆಸರು ಪಾರ್ಕರ್ ಫ್ಲೈ. ತೂಕ ಎರಡೂಕಾಲು ಕೆಜಿ ಆಸುಪಾಸು. ಲೆಸ್ ಪಾಲ್ ಗಿಟಾರ್ ಹೆಗಲಿಗೆ ಹಾಕಿಕೊಂಡವರಿಗೆ ಈ ಅಂಕಿಯ ಬೆಲೆ ಗೊತ್ತು, ಅದು ಸಲೀಸಾಗಿ ನಾಲ್ಕು ಕೆಜಿ ದಾಟುತ್ತದೆ. ಫ್ಲೈನ ಮೈ ಅಂಚಿನಲ್ಲಿ ತೀರಾ ತೆಳು. ಹೆಡ್‌ಸ್ಟಾಕ್ ಅನ್ನುವ ತಲೆಭಾಗದಲ್ಲಂತೂ ಟ್ಯೂನರ್‌ಗಳನ್ನು ಹಿಡಿದಿಡಲು ಎಷ್ಟು ಬೇಕೋ ಅಷ್ಟೇ ಮರ.

ನೋಡಿದವರೆಲ್ಲ ಮೊದಲು ಮಾತಾಡಿದ್ದು ಈ ರೂಪದ ಬಗ್ಗೆ. ನನಗೆ ಮುಖ್ಯ ಅನಿಸುವುದು ಬೇರೆ. ಈ ಗಿಟಾರ್ ಎಲೆಕ್ಟ್ರಿಕ್ ದನಿಯನ್ನೂ ಅಕೌಸ್ಟಿಕ್ ದನಿಯನ್ನೂ ಅದೇ ಆರು ತಂತಿಗಳಿಂದ ತೆಗೆಯುತ್ತಿತ್ತು. ತೆಗೆದ ಮೇಲೆ ಎರಡನ್ನೂ ಬೇರೆ ಬೇರೆ ದಾರಿಯಲ್ಲಿ ಹೊರಗೆ ಕಳಿಸಬಲ್ಲದಾಗಿತ್ತು. ಆಮೇಲೆ ಬಂದ ಇಂಥ ಗಿಟಾರ್‌ಗಳಲ್ಲಿ ಕೆಲವು ಇದಕ್ಕಿಂತ ಚೆನ್ನಾಗಿ ಮಾರಾಟವಾದವು. ಆದರೆ ಸಮಸ್ಯೆಯ ಗಂಟು ಎಲ್ಲಿದೆ ಅನ್ನುವುದನ್ನು ಫ್ಲೈ ಮಾಡಿದವರಷ್ಟು ಸರಿಯಾಗಿ ಹಿಡಿದವರು ಕಡಿಮೆ. ಅದಕ್ಕೇ ಈ ಪ್ರಕರಣ.

ತೊಂದರೆ ಇರುವುದು ಎಲ್ಲಿ?

ನಮ್ಮ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುವವರಿಗೆ ಈ ಪೇಚಾಟ ಹೊಸದಲ್ಲ. ಸಿನಿಮಾ ಹಾಡಿನ ಪಲ್ಲವಿಗೆ ಅಕೌಸ್ಟಿಕ್ ಸ್ಟ್ರಮ್ಮಿಂಗ್ ಬೇಕು. ಚರಣಕ್ಕೆ ಮುಂಚಿನ ಬಿಜಿಎಂನಲ್ಲಿ ಡಿಸ್ಟಾರ್ಷನ್ (ದನಿಯನ್ನು ಬೇಕಂತಲೇ ಒರಟು ಮಾಡುವುದು) ಹಾಕಿದ ಲೀಡ್ ಬೇಕು. ಮತ್ತೆ ಪಲ್ಲವಿ. ಸ್ಟುಡಿಯೋದಲ್ಲಿ ಇವನ್ನು ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ರೆಕಾರ್ಡ್ ಮಾಡಿರುತ್ತಾರೆ. ವೇದಿಕೆ ಮೇಲೆ ಇರುವುದು ಒಬ್ಬನೇ ಗಿಟಾರಿಸ್ಟ್, ಎರಡೇ ಕೈ. ಗಿಟಾರ್ ಬದಲಾಯಿಸಲು ಸಿಗುವುದು ಎರಡು ತಾಳದ ಬಿಡುವು. ಹೀಗಾಗಿ ಬಹಳ ಜನ ಎಲೆಕ್ಟ್ರಿಕ್‌ನಲ್ಲೇ ಕ್ಲೀನ್ ದನಿ ಇಟ್ಟುಕೊಂಡು ಸುಮ್ನೆ ಹೊಂದಾಣಿಕೆ ಮಾಡಿಕೊಳ್ಳುತ್ತಾರೆ. ಕೇಳುಗರಿಗೆ ಏನೋ ಕಡಿಮೆಯಾಗಿದೆ ಅನಿಸುತ್ತದೆ, ಏನು ಅಂತ ಹೇಳಲು ಬರುವುದಿಲ್ಲ.

ಇದು ಜಗತ್ತಿನ ಎಲ್ಲ ವೇದಿಕೆಗಳ ಹಳೇ ತೊಂದರೆ. ಗಿಬ್ಸನ್ ಕಂಪನಿ 1954ರಲ್ಲೇ ಜೆ-160ಇ ಅನ್ನುವ ಗಿಟಾರ್ ತಂದಿತ್ತು. ನೋಡಲು ಪೂರ್ತಿ ಅಕೌಸ್ಟಿಕ್, ಫ್ರೆಟ್‌ಬೋರ್ಡ್ (ಬೆರಳು ಒತ್ತುವ ಹಲಗೆ) ಮುಗಿಯುವಲ್ಲಿ ಒಂದು ಮ್ಯಾಗ್ನೆಟಿಕ್ ಪಿಕಪ್. ಜಾನ್ ಲೆನನ್ ಮತ್ತು ಜಾರ್ಜ್ ಹ್ಯಾರಿಸನ್ 1962ರಲ್ಲಿ ತಲಾ ಒಂದು ಕೊಂಡರು. ಆದರೆ ಆಂಪ್‌ಗೆ (ಆಂಪ್ಲಿಫೈಯರ್‌ಗೆ) ಹಾಕಿದರೆ ಅದು ಎಲೆಕ್ಟ್ರಿಕ್ ಗಿಟಾರ್‌ನ ದನಿಯನ್ನೇ ಕೊಡುತ್ತಿತ್ತು.

ಕಾರಣ ಪಿಕಪ್‌ನಲ್ಲಿದೆ. ಮ್ಯಾಗ್ನೆಟಿಕ್ ಪಿಕಪ್ ಅಂದರೆ ಆಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ. ಅದರ ಮೇಲೆ ಉಕ್ಕಿನ ತಂತಿ ಅಲುಗಾಡಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಅದಕ್ಕೆ ತಂತಿ ಗೊತ್ತು, ಕೆಳಗಿನ ಮರ ನೇರವಾಗಿ ಗೊತ್ತಿಲ್ಲ. ಅಕೌಸ್ಟಿಕ್ ಗಿಟಾರ್‌ನ ದನಿಯಲ್ಲಿ ಅರ್ಧಕ್ಕರ್ಧ ಬರುವುದು ಮೇಲುಹಲಗೆ ಮತ್ತು ಒಳಗಿನ ಗಾಳಿಯಿಂದ. ಆಯಸ್ಕಾಂತ ಅದನ್ನು ಕೇಳಿಸಿಕೊಳ್ಳುವುದೇ ಇಲ್ಲ.

ಇನ್ನೊಂದು ದಾರಿ ಪೀಜೋ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಅಂತ ಜಾಕ್ ಮತ್ತು ಪಿಯರ್ ಕ್ಯೂರಿ ಸೋದರರು 1880ರಲ್ಲೇ ತೋರಿಸಿದ್ದರು. ಇದನ್ನು ಗಿಟಾರ್ ಮೈ ಮೇಲೆ ತಂತಿ ಹಿಡಿದಿಡುವ ಬ್ರಿಡ್ಜ್‌ನಲ್ಲಿ, ತಂತಿ ಕೂರುವ ಸ್ಯಾಡಲ್ ಕೆಳಗೆ ಇಟ್ಟು ವೇದಿಕೆಗೆ ಒಗ್ಗುವ ಹಾಗೆ ಮಾಡಿ ಗೆದ್ದದ್ದು ಓವೇಷನ್ ಕಂಪನಿ, 1960ರ ದಶಕದ ಕೊನೆಗೆ. ಅದನ್ನು ಕಟ್ಟಿದ ಚಾರ್ಲ್ಸ್ ಕಮಾನ್ ಹೆಲಿಕಾಪ್ಟರ್ ತಯಾರಿಸುತ್ತಿದ್ದ ಎಂಜಿನಿಯರ್. ಕಂಪನ ಅಳೆಯುವುದು ಅವರಿಗೆ ದಿನನಿತ್ಯದ ಕೆಲಸವಾಗಿತ್ತು. ಪೀಜೋ ತಂತಿಯ ಒತ್ತಡವನ್ನು ಬ್ರಿಡ್ಜ್‌ನಲ್ಲೇ ಹಿಡಿಯುತ್ತದೆ. ಪ್ಲೆಕ್ಟ್ರಮ್ ತಾಗುವ ಸದ್ದು, ಬೆರಳು ಜಾರುವ ಸದ್ದು, ಎಲ್ಲವೂ ಸಿಗುತ್ತದೆ. ಜೊತೆಗೆ ಜೋರಾಗಿ ಹೊಡೆದಾಗ ಒಂದು ಪ್ಲಾಸ್ಟಿಕ್ ಥರದ ಕರ್ಕಶವೂ ಬರುತ್ತದೆ. ಅದನ್ನು ಪಳಗಿಸಲು ಹತ್ತಿರದಲ್ಲೇ ಒಂದು ಪ್ರಿಆಂಪ್ (ದನಿಯನ್ನು ಮೊದಲು ಹದಮಾಡುವ ಪುಟ್ಟ ಸರ್ಕ್ಯೂಟ್) ಬೇಕು, ಪ್ರಿಆಂಪ್‌ಗೆ ಬ್ಯಾಟರಿ ಬೇಕು.

ಕೆನ್ ಪಾರ್ಕರ್, ಲ್ಯಾರಿ ಫಿಶ್‌ಮನ್

ಕೆನ್ ಪಾರ್ಕರ್ ಗಿಟಾರ್ ಕಟ್ಟುತ್ತಿದ್ದವರು, ರಿಪೇರಿ ಮಾಡುತ್ತಿದ್ದವರು. ಮೇಲುಹಲಗೆ ಕಮಾನಿನಂತೆ ಉಬ್ಬಿರುವ ಆರ್ಚ್‌ಟಾಪ್ ಗಿಟಾರ್‌ಗಳಲ್ಲಿ ಪಳಗಿದ ಕೈ. ಯೂರೋಪಿನ ಹಳೇ ಲ್ಯೂಟ್ ವಾದ್ಯಗಳನ್ನು ಅವರು ಗಮನವಿಟ್ಟು ನೋಡಿದ್ದರು. ಅವುಗಳ ನೆಕ್‌ನಲ್ಲಿ, ಅಂದರೆ ಕತ್ತಿನಲ್ಲಿ, ಒಳಗೆ ಹಗುರ, ಮೆತ್ತನೆಯ ಮರ ಇರುತ್ತದೆ. ಹೊರಗೆ ಗಟ್ಟಿ ಮರದ ತೆಳು ಹೊದಿಕೆ. ಬಿಗಿತನ ಹೊದಿಕೆಯಿಂದ ಬರುತ್ತದೆ, ತೂಕ ಕಡಿಮೆ ಇರುತ್ತದೆ.

ಪಾರ್ಕರ್ ಅದೇ ವಿಚಾರವನ್ನು ಕಾರ್ಬನ್ ಫೈಬರ್ ಮತ್ತು ಗ್ಲಾಸ್ ಫೈಬರ್‌ಗೆ ತಂದರು. ಫ್ಲೈ ಡಿಲಕ್ಸ್‌ನ ಮೈ ಪಾಪ್ಲರ್ ಮರದ್ದು, ನೆಕ್ ಬಾಸ್‌ವುಡ್‌ದು. ಎರಡೂ ಹಗುರ, ಎಲೆಕ್ಟ್ರಿಕ್ ಗಿಟಾರ್ ಪ್ರಪಂಚದಲ್ಲಿ ಅಷ್ಟೇನೂ ಮರ್ಯಾದೆ ಇಲ್ಲದ ಮರಗಳು. ಅವುಗಳ ಹಿಂಬದಿಗೆ ಎಪಾಕ್ಸಿಯಲ್ಲಿ ಅದ್ದಿದ ಫೈಬರ್‌ನ ತೆಳು ಪದರ ಅಂಟಿಸಿದರು. ಫ್ರೆಟ್‌ಬೋರ್ಡ್ ಕೂಡ ಫೈಬರ್‌ನದೇ. ಅದರ ಮೇಲೆ ಸ್ಟೇನ್‌ಲೆಸ್ ಸ್ಟೀಲ್ ಫ್ರೆಟ್‌ಗಳು, ಅಂದರೆ ಸ್ವರಸ್ಥಾನದ ಅಡ್ಡಪಟ್ಟಿಗಳು. ಮಾಮೂಲಿ ಗಿಟಾರ್‌ನಲ್ಲಿ ಫ್ರೆಟ್‌ಬೋರ್ಡ್ ಸೀಳಿ ಫ್ರೆಟ್ ಬಡಿದು ಕೂರಿಸುತ್ತಾರೆ. ಇಲ್ಲಿ ಸೀಳೇ ಇಲ್ಲ, ಮೇಲೆ ಅಂಟಿಸಿದ್ದಾರೆ.

ಇದೆಲ್ಲ ದನಿಗೆ ಹೇಗೆ ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. ಭಾರವಾದ ಗಟ್ಟಿ ಮೈಯ ಗಿಟಾರ್‌ಗೆ ಪೀಜೋ ಹಾಕಿದರೆ ತಂತಿಯ ಸದ್ದು ಬರುತ್ತದೆ, ಆದರೆ ಒಣಒಣ. ಮೈ ಹಗುರವಾಗಿ, ಬಿಗಿಯಾಗಿದ್ದರೆ ಅದೂ ತಂತಿಯ ಜೊತೆ ಮಿಡಿಯುತ್ತದೆ. ಬ್ರಿಡ್ಜ್‌ನಲ್ಲಿ ಕೂತ ಪೀಜೋಗೆ ಆ ಮಿಡಿತವೂ ಸಿಗುತ್ತದೆ. ಇಷ್ಟಾಗಿಯೂ ಫ್ಲೈ ಒಳ್ಳೆಯ ಅಕೌಸ್ಟಿಕ್ ಗಿಟಾರ್ ಮುಂದೆ ಮೈಕ್ ಇಟ್ಟ ಹಾಗೆ ಕೇಳಿಸುವುದಿಲ್ಲ. ಟೊಳ್ಳು ಇಲ್ಲದ ಕಡೆ ಗಾಳಿಯ ದನಿ ಎಲ್ಲಿಂದ ಬರಬೇಕು? ಆದರೆ ಡ್ರಮ್ಸ್, ಬೇಸ್, ಕೀಬೋರ್ಡ್ ನಡುವೆ ಕೂತಾಗ ಜನ ಅದನ್ನು ಅಕೌಸ್ಟಿಕ್ ಅಂತಲೇ ಕೇಳುತ್ತಾರೆ. ವೇದಿಕೆಗೆ ಅಷ್ಟು ಸಾಕು. ಇನ್ನೊಂದು ಲಾಭ, ಟೊಳ್ಳಿಲ್ಲದ ಕಾರಣ ಮಾನಿಟರ್ ಮುಂದೆ ನಿಂತರೂ ಅಕೌಸ್ಟಿಕ್‌ನಂತೆ ಫೀಡ್‌ಬ್ಯಾಕ್ ಕೂಗು ಏಳುವುದಿಲ್ಲ.

ಈ ಪೀಜೋ ಭಾಗ ಲ್ಯಾರಿ ಫಿಶ್‌ಮನ್ ಅವರದ್ದು. ಅವರು ಸ್ವತಃ ಡಬಲ್ ಬೇಸ್ ನುಡಿಸುವವರು. ತಮ್ಮ ವಾದ್ಯಕ್ಕೆ ಸರಿಯಾದ ಪಿಕಪ್ ಸಿಗದೆ ತಾವೇ ಒಂದು ಮಾಡಿಕೊಂಡು, ಅದರಿಂದಲೇ 1981ರಲ್ಲಿ ಕಂಪನಿ ಶುರು ಮಾಡಿದವರು. ಫ್ಲೈನ ಬ್ರಿಡ್ಜ್‌ನಲ್ಲಿ ಆರು ತಂತಿಗೆ ಆರು ಪ್ರತ್ಯೇಕ ಪೀಜೋ ಇಟ್ಟರು. ಮ್ಯಾಗ್ನೆಟಿಕ್ ಕಡೆಗೆ ಡಿಮಾರ್ಜಿಯೊ ಕಂಪನಿಯ ಎರಡು ಹಂಬಕರ್ (ಎರಡು ಸುರುಳಿಯ ಪಿಕಪ್). ಗಿಟಾರ್ ತಯಾರಾಗುತ್ತಿದ್ದದ್ದು ಮ್ಯಾಸಚೂಸೆಟ್ಸ್‌ನ ವಿಲ್ಮಿಂಗ್ಟನ್‌ನಲ್ಲಿ.

ಒಂದು ಜ್ಯಾಕ್, ಎರಡು ದಾರಿ

ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಇಲ್ಲಿದೆ.

ಫ್ಲೈನಲ್ಲಿ ಮೂರು ಸ್ಥಾನದ ಒಂದು ಸ್ವಿಚ್ ಇದೆ: ಬರೀ ಮ್ಯಾಗ್ನೆಟಿಕ್, ಬರೀ ಪೀಜೋ, ಎರಡೂ. ಪೀಜೋಗೆ ಬೇರೆ ವಾಲ್ಯೂಮ್, ಮ್ಯಾಗ್ನೆಟಿಕ್‌ಗೆ ಬೇರೆ ವಾಲ್ಯೂಮ್. ಇಷ್ಟನ್ನು ಯಾರಾದರೂ ಮಾಡುತ್ತಿದ್ದರು. ಜಾಣತನ ಜ್ಯಾಕ್‌ನಲ್ಲಿ. ಮಾಮೂಲಿ ಮೋನೊ ಕೇಬಲ್ ಚುಚ್ಚಿದರೆ ಎರಡೂ ದನಿ ಗಿಟಾರ್ ಒಳಗೇ ಬೆರೆತು ಹೊರಬರುತ್ತವೆ. ಸ್ಟೀರಿಯೊ ಕೇಬಲ್ ಚುಚ್ಚಿದರೆ ಒಂದು ಎಳೆಯಲ್ಲಿ ಮ್ಯಾಗ್ನೆಟಿಕ್, ಇನ್ನೊಂದು ಎಳೆಯಲ್ಲಿ ಪೀಜೋ.

ಇದು ಯಾಕೆ ಬೇಕು? ಎಲೆಕ್ಟ್ರಿಕ್ ಗಿಟಾರ್‌ನ ಆಂಪ್ ಬರೀ ಸದ್ದು ದೊಡ್ಡದು ಮಾಡುವ ಪೆಟ್ಟಿಗೆಯಲ್ಲ, ಅದು ವಾದ್ಯದ್ದೇ ಒಂದು ಭಾಗ. ಅದರ 12 ಇಂಚಿನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ಮೇಲಿನ ಸದ್ದನ್ನು ಕತ್ತರಿಸಿ ಹಾಕುತ್ತದೆ. ಡಿಸ್ಟಾರ್ಷನ್ ಕಿವಿಗೆ ಹಿತವಾಗುವುದೇ ಈ ಕತ್ತರಿಯಿಂದ. ಅಕೌಸ್ಟಿಕ್‌ನ ಹೊಳಪು ಇರುವುದು ಆ ಗೆರೆಯ ಮೇಲೆ. ಪೀಜೋವನ್ನು ಗಿಟಾರ್ ಆಂಪ್‌ಗೆ ಹಾಕಿದರೆ ಹೊಳಪು ಸತ್ತು ಮಂಕಾಗುತ್ತದೆ. ತಿರುಗಿಸಿ, ಡಿಸ್ಟಾರ್ಷನ್ ಪೆಡಲ್ ಹಾಕಿದ ಮ್ಯಾಗ್ನೆಟಿಕ್ ದನಿಯನ್ನು ನೇರ ಮಿಕ್ಸರ್‌ಗೆ ಕೊಟ್ಟರೆ ಕಿವಿ ತೂತಾಗುತ್ತದೆ. ಗಂಟಲು ಕೆಟ್ಟವನ ಕೈಗೂ ಶಾರೀರ ಇದ್ದವನ ಕೈಗೂ ಒಂದೇ ಮೈಕ್ ಕೊಟ್ಟು, ಒಂದೇ ಸೆಟ್ಟಿಂಗ್‌ನಲ್ಲಿ ಇಬ್ಬರೂ ಚೆನ್ನಾಗಿ ಕೇಳಿಸಬೇಕು ಅಂದ ಹಾಗೆ.

ಅಂದರೆ ಎರಡು ದನಿ ಹುಟ್ಟಿಸುವುದು ಕಷ್ಟದ ಕೆಲಸವೇ, ಆದರೆ ದೊಡ್ಡ ಕಷ್ಟ ಕೇಬಲ್‌ನ ಆಚೆ ತುದಿಯಲ್ಲಿದೆ. ಫ್ಲೈ ಮಾಡಿದವರಿಗೆ ಇದು ಗೊತ್ತಿತ್ತು. ಸರಿಯಾಗಿ ಬಳಸಿದರೆ ಮ್ಯಾಗ್ನೆಟಿಕ್ ಎಳೆ ಪೆಡಲ್‌ಗಳ ಮೂಲಕ ಆಂಪ್‌ಗೆ ಹೋಗುತ್ತದೆ. ಪೀಜೋ ಎಳೆ ಡಿಐ ಬಾಕ್ಸ್ (ವಾದ್ಯದ ದನಿಯನ್ನು ಮಿಕ್ಸರ್‌ಗೆ ಒಗ್ಗಿಸುವ ಪೆಟ್ಟಿಗೆ) ಮೂಲಕ ನೇರ ಮಿಕ್ಸರ್‌ಗೆ ಹೋಗುತ್ತದೆ. ಸಭಾಂಗಣದ ಸ್ಪೀಕರ್‌ನಲ್ಲಿ ಅಕೌಸ್ಟಿಕ್, ವೇದಿಕೆಯ ಆಂಪ್‌ನಲ್ಲಿ ಎಲೆಕ್ಟ್ರಿಕ್, ಎರಡೂ ಒಂದೇ ಬೆರಳಿನಿಂದ. ಲೀಡ್ ನುಡಿಸುವಾಗ ಡಿಸ್ಟಾರ್ಷನ್ ಅಡಿಯಲ್ಲಿ ಸ್ವಲ್ಪ ಪೀಜೋ ಇಟ್ಟರೆ ಪ್ರತಿ ಸ್ವರದ ಮೊದಲ ತುದಿ ಸ್ಪಷ್ಟವಾಗಿ ಕೇಳಿಸುತ್ತದೆ. ಇದು ಎರಡು ಗಿಟಾರ್ ಇಟ್ಟುಕೊಂಡರೂ ಸಿಗದ ದನಿ. ನನಗಂತೂ ಇಂಥ ಎರಡು ದನಿಯ, ಅಂದರೆ ಹೈಬ್ರಿಡ್ ಗಿಟಾರ್‌ನ ನಿಜವಾದ ಆಕರ್ಷಣೆ ಇದೇ. ಗಿಟಾರ್ ಬದಲಾಯಿಸುವ ಶ್ರಮ ಉಳಿಯುವುದು ಆಮೇಲಿನ ಮಾತು.

ಎರಡು ದಾರಿ ಇಟ್ಟಾಗ ಒಂದು ಹೊಸ ತೊಂದರೆಯೂ ಬರುತ್ತದೆ. ಮ್ಯಾಗ್ನೆಟಿಕ್ ಎಳೆ ಡಿಜಿಟಲ್ ಪೆಡಲ್ ಮೂಲಕ ಹೋದರೆ ಅದು ಸೆಕೆಂಡಿನ ಸಾವಿರದ ಕೆಲವು ಭಾಗದಷ್ಟು ತಡವಾಗುತ್ತದೆ. ಪೀಜೋ ಎಳೆ ತಡವಾಗುವುದಿಲ್ಲ. ಎರಡೂ ಒಂದೇ ಮಟ್ಟದಲ್ಲಿ ಸೇರಿದಾಗ ಬರೀ 1 ಮಿಲಿಸೆಕೆಂಡ್ ವ್ಯತ್ಯಾಸ ಸಾಕು, 500 ಹರ್ಟ್ಸ್ ಸುತ್ತಲಿನ ಸದ್ದು ಒಂದನ್ನೊಂದು ನುಂಗಿಬಿಡುತ್ತದೆ. ದನಿ ಟೊಳ್ಳಾಗುತ್ತದೆ. ಆಗ ಗಿಟಾರಿಸ್ಟ್ ಪಿಕಪ್ ಅನ್ನು ಬೈಯುತ್ತಾನೆ, ಸೌಂಡ್‌ನವನು ಗಿಟಾರಿಸ್ಟ್‌ನನ್ನು ಬೈಯುತ್ತಾನೆ.

ತಂತಿಯ ವಿಷಯ

ಅಕೌಸ್ಟಿಕ್‌ಗೆ ಸಾಮಾನ್ಯವಾಗಿ 12ರ ಸೆಟ್ (ಅತಿ ತೆಳು ತಂತಿಯ ದಪ್ಪ ಇಂಚಿನ ಸಾವಿರದ 12 ಭಾಗ) ಹಾಕುತ್ತಾರೆ, ಫಾಸ್ಫರ್ ಬ್ರಾಂಜ್ ಸುತ್ತಿದ್ದು. ಎಲೆಕ್ಟ್ರಿಕ್‌ಗೆ 9 ಅಥವಾ 10ರ ಸೆಟ್, ನಿಕಲ್ ಲೇಪದ ಉಕ್ಕು ಸುತ್ತಿದ್ದು. ಬ್ರಾಂಜ್ ಆಯಸ್ಕಾಂತಕ್ಕೆ ಸಿಗುವುದಿಲ್ಲ. ಹಾಗಾಗಿ ಬ್ರಾಂಜ್ ತಂತಿಯಲ್ಲಿ ಮ್ಯಾಗ್ನೆಟಿಕ್ ಪಿಕಪ್‌ಗೆ ಒಳಗಿನ ಉಕ್ಕಿನ ಎಳೆ ಮಾತ್ರ ಕಾಣುತ್ತದೆ, ದಪ್ಪ ತಂತಿಗಳು ಸೊರಗಿ ಕೇಳಿಸುತ್ತವೆ. ಆದ್ದರಿಂದ ಹೈಬ್ರಿಡ್ ಗಿಟಾರ್‌ಗೆ ಎಲೆಕ್ಟ್ರಿಕ್ ತಂತಿಯೇ ಗತಿ.

ಆದರೆ ಎಲೆಕ್ಟ್ರಿಕ್ ಸೆಟ್‌ನಲ್ಲಿ ಮೂರನೇ ತಂತಿ ಬರಿಮೈಯದು. ಅಕೌಸ್ಟಿಕ್ ಸೆಟ್‌ನಲ್ಲಿ ಅದು ಸುತ್ತಿದ ತಂತಿ. ಸ್ಟ್ರಮ್ ಮಾಡಿದಾಗ ಕಿವಿಗೆ ತಕ್ಷಣ ಗೊತ್ತಾಗುವ ಕಳ್ಳತನ ಇದೇ. ಪೀಜೋ ಎಷ್ಟೇ ಒಳ್ಳೆಯದಿರಲಿ, ಬರಿಮೈಯ ಮೂರನೇ ತಂತಿ "ನಾನು ಎಲೆಕ್ಟ್ರಿಕ್" ಅಂತ ಹೇಳಿಯೇ ಬಿಡುತ್ತದೆ. 11ರ ಸೆಟ್ ಹಾಕಿ, ಮೂರನೆಯದನ್ನು ಸುತ್ತಿದ್ದು ತೆಗೆದುಕೊಂಡರೆ ಅಕೌಸ್ಟಿಕ್ ದನಿ ಒಂದು ಮೆಟ್ಟಿಲು ಮೇಲೇರುತ್ತದೆ. ಬೆಲೆ ತೆರಬೇಕಾದದ್ದು ಲೀಡ್‌ನಲ್ಲಿ. ಮೂರನೇ ತಂತಿ ಎಳೆದು ಮೀಂಡ್ ತೆಗೆಯುವವರಿಗೆ ಬೆರಳು ನೋವು ಗ್ಯಾರಂಟಿ. ನಮ್ಮ ಹಾಡುಗಳಲ್ಲಿ ಆ ಎಳೆತ ಜಾಸ್ತಿ, ಅಲ್ವಾ? ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಮೆಚ್ಚಿದವರು ಬಹಳ, ಕೊಂಡವರು ಕಡಿಮೆ

ಫ್ಲೈಗೆ ಹೊಗಳಿಕೆ ಕಡಿಮೆ ಇರಲಿಲ್ಲ. ಕಿಂಗ್ ಕ್ರಿಮ್ಸನ್ ತಂಡದ ಏಡ್ರಿಯನ್ ಬೆಲ್ಯೂ, ಲಿವಿಂಗ್ ಕಲರ್‌ನ ವರ್ನನ್ ರೀಡ್ ಇದನ್ನು ಅಪ್ಪಿಕೊಂಡರು. ಮುಂದೆ ಇಬ್ಬರ ಹೆಸರಿನಲ್ಲೂ ಪಾರ್ಕರ್ ಮಾದರಿಗಳು ಬಂದವು. ಇಬ್ಬರೂ ವಿಚಿತ್ರ ಸದ್ದುಗಳ ಹಿಂದೆ ಬಿದ್ದವರು ಅನ್ನುವುದನ್ನು ಗಮನಿಸಿ. ಸಾಮಾನ್ಯ ರಾಕ್ ಗಿಟಾರಿಸ್ಟ್ ಅಂಗಡಿಯಲ್ಲಿ ಎತ್ತಿ ನೋಡಿ, ಆಹಾ ಅಂದು, ಕೆಳಗಿಟ್ಟು ಸ್ಟ್ರಾಟೋಕಾಸ್ಟರ್ ಕೊಂಡುಕೊಂಡು ಹೋದ.

ಯಾಕೆ? ಗಿಟಾರ್ ಕೊಳ್ಳುವವರು ಹೊಸತನ ಬೇಕು ಅಂತ ಬಾಯಲ್ಲಿ ಹೇಳುತ್ತಾರೆ. ಕಣ್ಣು ಹುಡುಕುವುದು 1950ರ ದಶಕದ ಆಕಾರಗಳನ್ನೇ. ಫ್ಲೈ ಒಂದೇ ಏಟಿಗೆ ಎಲ್ಲವನ್ನೂ ಬದಲಾಯಿಸಿತು: ಆಕಾರ, ತೂಕ, ಫ್ರೆಟ್, ಸ್ವರ ಅಲುಗಿಸುವ ವೈಬ್ರಾಟೋದ ಚಪ್ಪಟೆ ಸ್ಪ್ರಿಂಗ್, ಕೊನೆಗೆ ಕೇಬಲ್ ಕೂಡ. ಎರಡು ದನಿಯ ಪೂರ್ತಿ ಲಾಭ ಬೇಕಿದ್ದರೆ ಸ್ಟೀರಿಯೊ ಕೇಬಲ್, ಅದನ್ನು ಸೀಳುವ ಪೆಟ್ಟಿಗೆ, ಮಿಕ್ಸರ್‌ನಲ್ಲಿ ಇನ್ನೊಂದು ಚಾನೆಲ್ ಎಲ್ಲ ಹೊಂದಿಸಿಕೊಳ್ಳಬೇಕು. ಬಹಳ ಜನ ಮೋನೊ ಕೇಬಲ್ ಹಾಕಿ, ಪೀಜೋವನ್ನೂ ಗಿಟಾರ್ ಆಂಪ್‌ಗೇ ಕಳಿಸಿ, ಮಂಕಾದ ದನಿ ಕೇಳಿ ಇಷ್ಟೇನಾ ಅಂದುಕೊಂಡಿದ್ದರೆ ಆಶ್ಚರ್ಯ ಇಲ್ಲ.

ಇದರ ಜೊತೆಗೆ ತಯಾರಿಕೆಯೂ ಸುಲಭದ್ದಲ್ಲ. ಫೈಬರ್ ಪದರ ಅಂಟಿಸಿ ಗಟ್ಟಿ ಮಾಡುವುದು, ಫ್ರೆಟ್ ಒಂದೊಂದೇ ಅಂಟಿಸುವುದು, ಇವೆಲ್ಲ ಗಿಟಾರ್ ಕಾರ್ಖಾನೆಗಳಿಗೆ ರೂಢಿಯಿಲ್ಲದ ಕೆಲಸ. ಬೋಲ್ಟ್ ಹಾಕಿದ ನೆಕ್‌ನ ನೈಟ್‌ಫ್ಲೈ ತಂದರು. ಆಮೇಲೆ ಏಷ್ಯಾದಲ್ಲಿ ಮಾಡಿಸಿದ ಅಗ್ಗದ ಪಿ ಸರಣಿಯೂ ಬಂತು. 2000ರ ದಶಕದ ಮೊದಲ ವರ್ಷಗಳಲ್ಲಿ ಕಂಪನಿ, ವಾಷ್‌ಬರ್ನ್ ಗಿಟಾರ್‌ಗಳ ಒಡೆಯರಾಗಿದ್ದ ಯುಎಸ್ ಮ್ಯೂಸಿಕ್ ಕೈಗೆ ಹೋಯಿತು. ಕೆನ್ ಪಾರ್ಕರ್ ತಮ್ಮ ಹಳೇ ಪ್ರೀತಿಯಾದ ಆರ್ಚ್‌ಟಾಪ್‌ಗಳಿಗೆ ಮರಳಿದರು. 2010ರ ದಶಕದ ನಡುವಿನ ಹೊತ್ತಿಗೆ ಫ್ಲೈ ತಯಾರಿಕೆ ನಿಂತಿತು.

ಅದೇ ಲೆಕ್ಕ, ಬೇರೆ ಉತ್ತರ

ಫ್ಲೈ ಕೇಳಿದ ಪ್ರಶ್ನೆ ಮಾತ್ರ ನಿಲ್ಲಲಿಲ್ಲ. 2005ರಲ್ಲಿ ಕ್ಯಾಲಿಫೋರ್ನಿಯಾದ ಟೇಲರ್ ಕಂಪನಿ ಟಿ5 ತಂದಿತು. ಅವರು ಅಕೌಸ್ಟಿಕ್‌ನವರು, ಆ ಕಡೆಯಿಂದಲೇ ಬಂದರು. ಟೊಳ್ಳು ಮೈ, ಮೇಲುಹಲಗೆಯ ಕಂಪನ ಹಿಡಿಯುವ ಒಂದು ಸೆನ್ಸರ್, ಬ್ರಿಡ್ಜ್ ಹತ್ತಿರ ಒಂದು ಹಂಬಕರ್, ಫ್ರೆಟ್‌ಬೋರ್ಡ್ ತುದಿಯಲ್ಲಿ ಕಾಣದ ಹಾಗೆ ಇನ್ನೊಂದು. ಬಡಿಯುವ ಕೈಗೆ ಅಡ್ಡ ಬರದಂತೆ ಐದು ಸ್ಥಾನದ ಸ್ವಿಚ್ಚನ್ನು ಮೇಲಿನ ಭುಜದ ಅಂಚಿಗೆ ಇಟ್ಟರು. ಸ್ಯಾಡಲ್ ಕೆಳಗೆ ಪೀಜೋ ಇಡಲಿಲ್ಲ, ಹಾಗಾಗಿ ಆ ಪ್ಲಾಸ್ಟಿಕ್ ಸದ್ದೂ ಇಲ್ಲ. ಅಕೌಸ್ಟಿಕ್ ಹಿಡಿದು ಅಭ್ಯಾಸ ಇದ್ದವರಿಗೆ ಇದು ಮನೆಯವರಂತೆ ಅನಿಸುತ್ತದೆ. ಜೋರು ಡಿಸ್ಟಾರ್ಷನ್ ಬೇಕಾದವರಿಗೆ ಟೊಳ್ಳು ಮೈ ಸ್ವಲ್ಪ ಕೈ ಕೊಡುತ್ತದೆ.

2019ರಲ್ಲಿ ಫೆಂಡರ್ ಅಕೌಸ್ಟಾಸಾನಿಕ್ ಟೆಲಿಕಾಸ್ಟರ್ ಬಂತು, ಬೆಲೆ 1,999 ಡಾಲರ್. ಒಳಗಿನ ಎಲೆಕ್ಟ್ರಾನಿಕ್ಸ್‌ಗೆ ಫೆಂಡರ್‌ನವರು ಹೋದದ್ದು ಫಿಶ್‌ಮನ್ ಹತ್ತಿರವೇ. ಸ್ಯಾಡಲ್ ಕೆಳಗೆ ಪೀಜೋ, ಮೈಗೆ ಸೆನ್ಸರ್, ಬ್ರಿಡ್ಜ್ ಕಡೆ ಒಂದು ಮ್ಯಾಗ್ನೆಟಿಕ್. ಐದು ಸ್ಥಾನದ ಸ್ವಿಚ್, ಪ್ರತಿ ಸ್ಥಾನದಲ್ಲಿ ಎರಡು ದನಿ, ಅವುಗಳ ನಡುವೆ ಬೆರೆಸಲು ಒಂದು ನಾಬ್. ಒಟ್ಟು ಹತ್ತು ದನಿ. ಬೇರೆ ಬೇರೆ ಮರ ಮತ್ತು ಗಾತ್ರದ ಅಕೌಸ್ಟಿಕ್‌ಗಳ ಛಾಯೆಯನ್ನು ಡಿಜಿಟಲ್ ಆಗಿ ಕೊಡುವ ಏರ್ಪಾಡು ಫ್ಲೈ ಕಾಲದಲ್ಲಿ ಗಿಟಾರ್ ಒಳಗೆ ಹಿಡಿಸುವಂಥದ್ದಾಗಿರಲಿಲ್ಲ. 2020ರಲ್ಲಿ ಇದೇ ಸರಣಿಯ ಸ್ಟ್ರಾಟೋಕಾಸ್ಟರ್, 2021ರಲ್ಲಿ ಜಾಜ್‌ಮಾಸ್ಟರ್. 2021ರಲ್ಲೇ ಮೆಕ್ಸಿಕೊದಲ್ಲಿ ಮಾಡಿದ ಪ್ಲೇಯರ್ ಟೆಲಿಕಾಸ್ಟರ್, ಆರು ದನಿ, 1,199 ಡಾಲರ್.

ಫೆಂಡರ್‌ನವರ ನಡೆ ನೋಡಿ. ಒಳಗೆ ಏನೇ ಹೊಸದಿರಲಿ, ಹೊರಗೆ ಎಲ್ಲರೂ ಗುರುತಿಸುವ ಟೆಲಿಕಾಸ್ಟರ್ ಗೆರೆ. ನಡುವಿನ ದೊಡ್ಡ ತೂತು ನೋಡಿ ಮೂಗು ಮುರಿದವರೂ ಇದ್ದಾರೆ, ಅದು ಬೇರೆ. ಕೇಬಲ್ ಒಂದೇ, ಮೋನೊ. ಎಲ್ಲವೂ ಗಿಟಾರ್ ಒಳಗೇ ಬೆರೆತು ಬರುತ್ತದೆ. ಅಂಗಡಿಯಲ್ಲಿ ಚುಚ್ಚಿದ ಕೂಡಲೇ ಅರ್ಥವಾಗುವ ಗಿಟಾರ್. ಹಾಗೆ ಮಾಡುವಾಗ ಫ್ಲೈ ಬಿಡಿಸಿದ್ದ ಗಂಟು ಮತ್ತೆ ಬಿತ್ತು. ಒಂದೇ ಕೇಬಲ್‌ನಲ್ಲಿ ಬಂದ ಅಕೌಸ್ಟಿಕ್ ದನಿ ಮತ್ತು ಎಲೆಕ್ಟ್ರಿಕ್ ದನಿ ಎರಡಕ್ಕೂ ಒಪ್ಪುವ ಆಂಪ್ ಹುಡುಕುವುದು ಮತ್ತೆ ನುಡಿಸುವವನ ಪಾಡು. ಮಿಕ್ಸರ್‌ಗೆ ಹಾಕಿ ನುಡಿಸುವ, ಹೆಚ್ಚು ಡಿಸ್ಟಾರ್ಷನ್ ಬೇಡದ ಹಾಡುಗಾರರಿಗೆ ಇದು ಹೇಳಿ ಮಾಡಿಸಿದ್ದು. ಭಾರಿ ಲೀಡ್ ನುಡಿಸುವವರಿಗೆ ಅಷ್ಟಿಲ್ಲ.

ನಮ್ಮ ವೇದಿಕೆಗೆ ಯಾವುದು?

ಗಣೇಶೋತ್ಸವದ ಪೆಂಡಾಲ್‌ನಲ್ಲಿ, ಊರ ಹಬ್ಬದಲ್ಲಿ ಗಿಟಾರ್‌ಗೆ ಸಿಗುವುದು ಹೆಚ್ಚಾಗಿ ಒಂದೇ ಲೈನ್. ಅಲ್ಲಿ ಆಂಪ್ ಇರುವುದೂ ಅಪರೂಪ. ಮಲ್ಟಿ ಎಫೆಕ್ಟ್ಸ್ ಪೆಡಲ್‌ನಿಂದ ನೇರ ಮಿಕ್ಸರ್‌ಗೆ. ಈ ಏರ್ಪಾಡನ್ನು ಶಾಪ ಅಂದುಕೊಳ್ಳುವವರು ಜಾಸ್ತಿ. ಹೈಬ್ರಿಡ್ ಗಿಟಾರ್‌ಗೆ ಇದರಿಂದ ಅನುಕೂಲವೇ ಇದೆ. ಸ್ಪೀಕರ್‌ನ ಕತ್ತರಿ ಕೆಲಸವನ್ನು ಪೆಡಲ್ ಒಳಗಿನ ಕ್ಯಾಬಿನೆಟ್ ಸಿಮ್ಯುಲೇಷನ್ ಮಾಡುತ್ತದೆ. ಪೆಡಲ್‌ನ ಅಕೌಸ್ಟಿಕ್ ಪ್ಯಾಚ್‌ನಲ್ಲಿ (ಉಳಿಸಿಟ್ಟ ಸೆಟ್ಟಿಂಗ್‌ನಲ್ಲಿ) ಅದನ್ನು ಆಫ್ ಮಾಡಿ, ಲೀಡ್ ಪ್ಯಾಚ್‌ನಲ್ಲಿ ಆನ್ ಮಾಡಿಟ್ಟರೆ ಒಂದೇ ಲೈನ್‌ನಲ್ಲೂ ಎರಡು ದನಿ ತಕ್ಕಮಟ್ಟಿಗೆ ಬದುಕುತ್ತವೆ. ಒಂದರ ನಂತರ ಒಂದು ಬೇಕಾದವರಿಗೆ ಇಷ್ಟು ಸಾಕು, ಮೋನೊ ಜ್ಯಾಕ್‌ನ ಗಿಟಾರ್ ತೆಗೆದುಕೊಳ್ಳಬಹುದು.

ಎರಡೂ ಒಟ್ಟಿಗೆ ಬೇಕಾದವರು ಎರಡು ದಾರಿ ಇರುವ ಗಿಟಾರ್ ಹುಡುಕಬೇಕು. ಪಿಆರ್‌ಎಸ್ ಗಿಟಾರ್ ಕಂಪನಿಯ ಪಿ22ನಂಥ ಮಾದರಿಗಳಲ್ಲಿ ಎರಡು ಪ್ರತ್ಯೇಕ ಜ್ಯಾಕ್‌ಗಳೇ ಇವೆ. ಹಳೇ ಫ್ಲೈ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ಮೊದಲು ಪ್ರತಿ ಫ್ರೆಟ್‌ನ ತುದಿಯನ್ನು ಉಗುರಿನಿಂದ ತಟ್ಟಿ, ಅಂಟು ಬಿಟ್ಟಿದೆಯಾ ನೋಡಿ. ಬಿಟ್ಟಿದ್ದರೆ ಮಾಮೂಲಿ ರಿಪೇರಿಯವರ ಕೈಗೆ ಕೊಡಬೇಡಿ, ಕೂರಿಸಲು ಸೀಳು ಇಲ್ಲ. ಆಮೇಲೆ ಒಂದು ಸ್ಟೀರಿಯೊ ಕೇಬಲ್ ಹಾಕಿ, ಎರಡೂ ಎಳೆಯಲ್ಲಿ ಆರೂ ತಂತಿ ಸಮನಾಗಿ ಬರುತ್ತಿವೆಯಾ ಅಂತ ಒಂದೊಂದೇ ಮೀಟಿ ಕೇಳಿ. ಪೀಜೋ ತಂತಿಗೊಂದರಂತೆ ಇರುವುದರಿಂದ ಒಂದು ಸತ್ತರೆ ಆ ಒಂದು ತಂತಿ ಮಾತ್ರ ಮಾಯವಾಗಿರುತ್ತದೆ, ಸ್ಟ್ರಮ್ ಮಾಡಿ ನೋಡಿದರೆ ಗೊತ್ತೇ ಆಗುವುದಿಲ್ಲ. ಕಾರ್ಯಕ್ರಮಕ್ಕೆ ಮುಂಚೆ ಸೌಂಡ್‌ನವರ ಹತ್ತಿರ ಎರಡು ಚಾನೆಲ್ ಕೇಳಿ ಇಟ್ಟುಕೊಳ್ಳಿ. ಡಿಐ ಬಾಕ್ಸ್ ಮತ್ತು ಹೊಸ 9 ವೋಲ್ಟ್ ಬ್ಯಾಟರಿ ನಿಮ್ಮ ಚೀಲದಲ್ಲೇ ಇರಲಿ, ಅವರ ಹತ್ತಿರ ಇರುತ್ತದೆ ಅಂತ ನಂಬಿ ಹೋಗಬೇಡಿ.